ಫೆಲೋಶಿಪ್ ಮುಗಿಯಲು 20 ತಿಂಗಳು, ಒಂದು ಮಳೆಗಾಲದ ಸ್ಯಾಂಪಲ್ ಬಾಕಿ: ಥೀಸಿಸ್, ಕೆಲಸ, ಆರೋಗ್ಯ ಮೂರನ್ನೂ ಹೊಂದಿಸುವುದು ಹೇಗೆ?

ಅಳಿವೆ_ಬಾಗಿಲು (ಪ್ರಶ್ನೆ)

ಮಂಗಳೂರಿನಲ್ಲಿ ಪಿಎಚ್‌ಡಿ. ಪ್ರವೇಶ 2023ರ ಜನವರಿ, ಯುಜಿಸಿಯ ಕಿರಿಯ ಸಂಶೋಧಕರ ಫೆಲೋಶಿಪ್ (ಜೆಆರ್‌ಎಫ್), ಈಗ ಹಿರಿಯರದ್ದು (ಎಸ್‌ಆರ್‌ಎಫ್). ಇದು 2026ರ ಮೇ; ಐದು ವರ್ಷದ ಫೆಲೋಶಿಪ್‌ನಲ್ಲಿ 40 ತಿಂಗಳು ಕಳೆಯಿತು. ವಿಷಯ, ನೇತ್ರಾವತಿ-ಗುರುಪುರ ಅಳಿವೆಯ ತಳದ ಕೆಸರಿನಲ್ಲಿರುವ ಜೀವಿಗಳು. 6 ಜಾಗ, ಪ್ರತಿ ಜಾಗದಲ್ಲಿ 3 ಸ್ಯಾಂಪಲ್, ತಿಂಗಳಿಗೊಮ್ಮೆ. ಕಳೆದ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದ್ದು ತೆಗೆಯಲು ಆಗಲಿಲ್ಲ. ಉಳಿದ ತಿಂಗಳುಗಳದ್ದರಲ್ಲಿ 84 ಬಾಟಲಿಯಿಂದ ಜೀವಿಗಳನ್ನು ಇನ್ನೂ ಹೆಕ್ಕಿಲ್ಲ. ಐದು ಅಧ್ಯಾಯಗಳಲ್ಲಿ ಒಂದೂವರೆ ಬರೆದಾಗಿದೆ, ಒಂದು ಪೇಪರ್ ವಿಮರ್ಶೆಯಲ್ಲಿದೆ.

ಕೇಳುವುದು ಮೂರು. ಉಳಿದ 20 ತಿಂಗಳನ್ನು ಹೇಗೆ ಹಂಚಬೇಕು? ಕರಾವಳಿಯಲ್ಲೇ ಉಳಿಯುವುದಾದರೆ ಅಧ್ಯಾಪನ ಬಿಟ್ಟು ಬೇರೆ ಏನಿದೆ? ಎರಡು ತಿಂಗಳಿಂದ ರಾತ್ರಿ 3ರವರೆಗೆ ನಿದ್ದೆ ಇಲ್ಲ, ಹಗಲು ಮೈಕ್ರೋಸ್ಕೋಪಿನ ಮುಂದೆ ಕೂತರೆ ತಲೆ ಓಡುವುದಿಲ್ಲ. ಇದಕ್ಕೆ ಡಾಕ್ಟರ್ ಬೇಕೇ, ರಜೆ ಸಾಕೇ?

ಗುಡ್ಡೆ_ಹತ್ತುವವರು

ಮೊದಲು ಮಳೆಗಾಲ, ಅದನ್ನು ಬಿಟ್ಟು ಮಿಕ್ಕದ್ದೆಲ್ಲ ಆಮೇಲೆ. ನಮ್ಮ ಕರಾವಳಿಯ ಅಳಿವೆ ಅಧ್ಯಯನಗಳಲ್ಲಿ ವರ್ಷವನ್ನು ಮೂರಾಗಿ ಒಡೆಯುತ್ತಾರೆ: ಫೆಬ್ರವರಿಯಿಂದ ಮೇ, ಜೂನ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಜನವರಿ. ನಡುವಿನದ್ದು ಇಲ್ಲದಿದ್ದರೆ ಉಪ್ಪಿನಂಶ ಸೊನ್ನೆಯ ಹತ್ತಿರ ಇಳಿದಾಗ ತಳದ ಜೀವಿಗಳಿಗೆ ಏನಾಗುತ್ತದೆ ಎಂಬ ನಿಮ್ಮ ಮುಖ್ಯ ಪ್ರಶ್ನೆಗೇ ಉತ್ತರ ಇಲ್ಲದಂತಾಗುತ್ತದೆ. ಪರೀಕ್ಷಕರು ಮೊದಲು ಕೈ ಇಡುವುದೂ ಅಲ್ಲಿಗೇ. ಈ ಸಲ ತಪ್ಪಿದರೆ ಮುಂದಿನದು 2027ರ ಜೂನ್‌ಗೆ, ಆಗ ಫೆಲೋಶಿಪ್‌ನಲ್ಲಿ ಉಳಿಯುವುದು 7 ತಿಂಗಳು ಮಾತ್ರ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಹೆಚ್ಚಿನವರು ಈ ಎರಡು ತಿಂಗಳನ್ನೇ ಕೈಬಿಡುತ್ತಾರೆ. ಅಳಿವೆಯ ಒಳಗಿನ ಕೆಲಸಕ್ಕೆ ದೊಡ್ಡ ಬೋಟು ಬೇಡ. ಬೆಂಗರೆ ಅಥವಾ ಉಳ್ಳಾಲದ ಕಡೆಯ ನಾಡದೋಣಿಯವರೊಂದಿಗೆ ಈಗಲೇ, ಮೇ ಮುಗಿಯುವ ಮೊದಲೇ, ತಿಂಗಳಿಗೆ ಒಂದಲ್ಲ, ಮೂರು ದಿನ ಗೊತ್ತುಮಾಡಿ ಇಟ್ಟುಕೊಳ್ಳಿ. ಒಂದು ದಿನ ರೆಡ್ ಅಲರ್ಟ್‌ಗೆ ಹೋಗುತ್ತದೆ, ಇನ್ನೊಂದು ದಿನ ಹೊಳೆಯ ಸೆಳೆತ ಜೋರಿರುತ್ತದೆ, ಮೂರನೆಯದು ಸಿಗುತ್ತದೆ. ಅಷ್ಟಮಿ-ನವಮಿಯ ಹೊತ್ತಿಗೆ ಉಬ್ಬರವಿಳಿತ ಸಣ್ಣದು, ಕೆಸರು ಬಾಚುವ ಗ್ರ್ಯಾಬ್ ತಳದ ಮೇಲೆ ನೇರ ಕೂರುತ್ತದೆ. ಆದರೆ ಹಿಂದಿನ ತಿಂಗಳುಗಳ ಸ್ಯಾಂಪಲ್ ಹುಣ್ಣಿಮೆ-ಅಮಾವಾಸ್ಯೆಗೆ ತೆಗೆದದ್ದಾದರೆ ಆ ವ್ಯತ್ಯಾಸವನ್ನು ವಿಧಾನದ ಅಧ್ಯಾಯದಲ್ಲಿ ಬರೆಯಲೇಬೇಕು. ಲೈಫ್ ಜಾಕೆಟ್ ಇಲ್ಲದೆ, ಒಬ್ಬರೇ ಹೋಗುವ ಮಾತೇ ಬೇಡ.

ಮಳೆಗಾಲದಲ್ಲಿ ಲ್ಯಾಬಿನಲ್ಲಿ ಕೆಡುವುದು ಎರಡು. ಸಾವಯವ ಇಂಗಾಲಕ್ಕೆ ಒಣಗಿಸಿದ ಕೆಸರನ್ನು ಹೊರಗೆ ಇಟ್ಟರೆ ಇಲ್ಲಿನ ತೇವ ಹೀರಿ ತೂಕ ಏರುತ್ತದೆ. ಡೆಸಿಕೇಟರಿನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಇಡಿ, ಅದರೊಳಗಿನ ಸಿಲಿಕಾ ಜೆಲ್ ಬಣ್ಣ ತಿರುಗಿದ ಕೂಡಲೇ ಲ್ಯಾಬಿನ ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಿ. ಇನ್ನೊಂದು, ಜೀವಿಗಳು ಕೊಳೆಯದಂತೆ ಹಾಕುವ ಫಾರ್ಮಲಿನ್. ಬೋರಾಕ್ಸ್ ಬೆರೆಸದೆ ಬಿಟ್ಟರೆ ಅದು ಹುಳಿಯಾಗಿ ಚಿಪ್ಪುಜೀವಿಗಳ ಚಿಪ್ಪೇ ಕರಗುತ್ತದೆ. 0.5 ಮಿ.ಮೀ. ಜರಡಿಯಲ್ಲಿ ತೊಳೆದು 70% ಆಲ್ಕೋಹಾಲಿಗೆ ಬದಲಾಯಿಸಿದ ಮೇಲೆ ಹೆಕ್ಕಿ. ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಫಾರ್ಮಲಿನ್ ಬಾಟಲಿ ತೆರೆದು ಕೂರಬೇಡಿ. ಅದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ. ಹಗಲಿನ ತಲೆಭಾರದಲ್ಲಿ ಅದರ ಪಾಲೂ ಇರಬಹುದು, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಇದ್ದರೆ ಅದರೊಳಗೇ ತೊಳೆಯಿರಿ.

ಈಗ ಲೆಕ್ಕ. ಬಾಕಿ 84, ಹೊಸತು 6 ಜಾಗ, 3 ಸ್ಯಾಂಪಲ್, 4 ತಿಂಗಳು, ಅಂದರೆ 72. ಒಟ್ಟು 156 ಬಾಟಲಿ. ಒಂದಕ್ಕೆ 4 ಗಂಟೆ ಹಿಡಿದರೆ 624 ಗಂಟೆ. ವಾರಕ್ಕೆ 24 ಗಂಟೆ ಮೈಕ್ರೋಸ್ಕೋಪ್ ಎಂದರೆ 26 ವಾರ, ನವೆಂಬರ್ ಕೊನೆ. 24ಕ್ಕಿಂತ ಹೆಚ್ಚು ಹಾಕಬೇಡಿ. ಕಣ್ಣು ಸೋತ ಮೇಲೆ ಸಣ್ಣ ಪಾಲಿಕೀಟ್ ಹುಳುಗಳು ತಪ್ಪಿಹೋಗುತ್ತವೆ, ಆಮೇಲೆ ಎಣಿಕೆ ಹೊಂದದೆ ಅದೇ ಬಾಟಲಿಯನ್ನು ಮತ್ತೆ ನೋಡಬೇಕಾಗುತ್ತದೆ. ಗುರುತಿಸುವಿಕೆಗೆ ಇನ್ನೆರಡು ತಿಂಗಳು. 2027ರ ಜನವರಿ ಕೊನೆಗೆ ದತ್ತಾಂಶಕ್ಕೆ ಬೀಗ. ಹೊಸ ಜಾಗ, ಹೊಸ ವಿಶ್ಲೇಷಣೆ ಎಂದು ಯಾರೇ ಹೇಳಿದರೂ ಆ ದಿನದ ನಂತರ ಅದು ಮುಂದಿನ ಪೇಪರಿಗೆ. ಫೆಬ್ರವರಿಯಿಂದ ಜುಲೈ ಬರವಣಿಗೆ, ಆಗಸ್ಟ್‌ನಲ್ಲಿ ಪೂರ್ವಸಲ್ಲಿಕೆ ಮಂಡನೆ, ಅಕ್ಟೋಬರ್‌ನಲ್ಲಿ ಸಲ್ಲಿಕೆ. ಫೆಲೋಶಿಪ್ ಮುಗಿಯುವ 2028ರ ಜನವರಿಗೆ ಮೊದಲು ಮೂರು ತಿಂಗಳು ಕೈಯಲ್ಲಿರುತ್ತದೆ, ಅದು ಗೈಡ್ ತಿದ್ದುಪಡಿಗೆ ಬೇಕೇ ಬೇಕು.

ದುಡ್ಡನ್ನೂ ಇದೇ ಹಾಳೆಯಲ್ಲಿ ಬರೆಯಿರಿ. ಮೌಲ್ಯಮಾಪನಕ್ಕೆ ಆರು ತಿಂಗಳು ಎಂದು ಹಿಡಿದರೆ ವೈವಾ (ಮೌಖಿಕ ಪರೀಕ್ಷೆ) 2028ರ ಏಪ್ರಿಲ್-ಮೇ, ಅದರ ಮೇಲೆ ಕೆಲಸ ಸಿಗುವ ಹೊತ್ತು. ಎಸ್‌ಆರ್‌ಎಫ್ 42,000ದಲ್ಲಿ ತಿಂಗಳಿಗೆ 8,000 ತೆಗೆದಿಟ್ಟರೆ 20 ತಿಂಗಳಿಗೆ 1,60,000. ತಿಂಗಳ ಖರ್ಚು 18,000 ಆದರೆ ಅದು ಸುಮಾರು 9 ತಿಂಗಳಿಗೆ ಬರುತ್ತದೆ. ಸಲ್ಲಿಕೆಯ ನಂತರ ಫೆಲೋಶಿಪ್ ಯಾವ ದಿನದವರೆಗೆ ಎಂದು ಕಚೇರಿಯಿಂದ ಲಿಖಿತವಾಗಿ ತೆಗೆದುಕೊಳ್ಳಿ. ಪ್ರತಿ ತಿಂಗಳು ಫೆಲೋಶಿಪ್ ಪೋರ್ಟಲ್‌ನಲ್ಲಿ ಸಂಸ್ಥೆಯ ಒಬ್ಬ ಸಿಬ್ಬಂದಿ (ಮೇಕರ್) ದಾಖಲಿಸಿ ಇನ್ನೊಬ್ಬರು (ಚೆಕರ್) ಒಪ್ಪಿಗೆ ಕೊಟ್ಟರೇ ಹಣ. ಅವರಲ್ಲೊಬ್ಬರು ರಜೆಯಲ್ಲಿದ್ದರೆ ಆ ತಿಂಗಳು ನಿಲ್ಲುತ್ತದೆ, ಹಾಗಾಗಿ ತಿಂಗಳ ಮೊದಲ ವಾರ ಒಮ್ಮೆ ಹೋಗಿ ವಿಚಾರಿಸಿ.

ತೆಂಕಪೇಟೆ

ಕೆಲಸದ ಬಗ್ಗೆ. ಅಧ್ಯಾಪನವನ್ನು ಪಟ್ಟಿಯಿಂದ ತೆಗೆಯುವ ಮೊದಲು ಒಂದು ವಿಷಯ: 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್, ಸೆಟ್ ಅಥವಾ ಸ್ಲೆಟ್ ಪರೀಕ್ಷೆ ಪಾಸಾಗಿರುವುದು ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯವಲ್ಲ. ಜೆಆರ್‌ಎಫ್ ಇರುವ ನೀವು ಇವತ್ತೇ ಅರ್ಹರು. ಆದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ನೇಮಕ ಪ್ರತಿವರ್ಷ ಬರುವಂಥದ್ದಲ್ಲ. 2021ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) 1,242 ಹುದ್ದೆಗೆ ಕರೆದಾಗ ವಿಷಯದ ಪತ್ರಿಕೆಗಳ ಜೊತೆ ಕನ್ನಡ, ಇಂಗ್ಲಿಷ್, ಸಾಮಾನ್ಯ ಜ್ಞಾನವೂ ಇತ್ತು. ಸ್ಪರ್ಧಾ ಪರೀಕ್ಷೆಯ ಓದು ಬೇರೆ, ಥೀಸಿಸ್ ಬೇರೆ. ಎರಡನ್ನೂ ಒಂದೇ ತಿಂಗಳಲ್ಲಿ ಹಾಕಿಕೊಂಡರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ನಿಮ್ಮ ವಿಷಯಕ್ಕೆ ಕರಾವಳಿಯಲ್ಲಿ ಹತ್ತಿರದ ದಾರಿ ಪರಿಸರ ಪರಿಣಾಮ ಅಧ್ಯಯನ (ಇಐಎ). 2006ರ ಇಐಎ ಅಧಿಸೂಚನೆ, 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ, ಇವೆರಡರ ಅಡಿಯಲ್ಲಿ ಬಂದರು, ಹೂಳೆತ್ತುವುದು, ಕಡಲತೀರದ ಕೈಗಾರಿಕೆ ಎಲ್ಲದಕ್ಕೂ ತಳಜೀವಿಗಳ ಮಾಹಿತಿ ಬೇಕು. ವರದಿ ಮಾಡುವ ಸಂಸ್ಥೆಗೆ ನ್ಯಾಬೆಟ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರಬೇಕು, ಅದರೊಳಗೆ ಪರಿಸರ ಮತ್ತು ಜೀವವೈವಿಧ್ಯಕ್ಕೆ ಪ್ರತ್ಯೇಕ ತಜ್ಞರ ಸ್ಥಾನವಿದೆ. ಅಲ್ಲಿ ಅರ್ಜಿ ಹಾಕುವಾಗ 12 ಪುಟದ ಸಿವಿ ಯಾರೂ ಓದುವುದಿಲ್ಲ. ಎರಡು ಪುಟ ಸಾಕು, ಮೊದಲ ಅರ್ಧ ಪುಟದಲ್ಲಿ ಎಷ್ಟು ಸ್ಯಾಂಪಲ್ ತೆಗೆದಿರಿ, ಯಾವ ಗುಂಪನ್ನು ಪ್ರಭೇದದ ಮಟ್ಟಕ್ಕೆ ಗುರುತಿಸಬಲ್ಲಿರಿ, ಆರ್ (ಅಂಕಿಅಂಶ) ಮತ್ತು ಕ್ಯೂಜಿಐಎಸ್ (ನಕ್ಷೆ) ಸಾಫ್ಟ್‌ವೇರ್ ಎಷ್ಟು ಗೊತ್ತು ಎಂಬುದು ಬರಲಿ. ಕೈಯಿಂದ ಪಾಲಿಕೀಟ್ ಗುರುತಿಸಬಲ್ಲವರು ಕಡಿಮೆ, ಅದೇ ನಿಮ್ಮ ಬಂಡವಾಳ. ಒಂದು ಮಾತು ನೇರ ಹೇಳಬೇಕು: ಯೋಜನೆ ಮಾಡುವವರೇ ವರದಿಗೂ ಹಣ ಕೊಡುತ್ತಾರೆ. ಸಿಕ್ಕ ಪ್ರಭೇದವನ್ನು ಬಿಡಲು ಹೇಳಿದರೆ ಇಲ್ಲ ಎನ್ನುವ ಧೈರ್ಯ ಇರುವವರೇ ಈ ಕೆಲಸಕ್ಕೆ ಬರಬೇಕು.

ಸಿಎಂಎಫ್‌ಆರ್‌ಐಯ ಮಂಗಳೂರು ಕೇಂದ್ರ, ಗೋವಾದ ಎನ್‌ಐಒ, ಕೊಚ್ಚಿಯ ಸಿಎಂಎಲ್‌ಆರ್‌ಇ, ಈ ಕಡಲ ಸಂಶೋಧನಾ ಸಂಸ್ಥೆಗಳಲ್ಲೆಲ್ಲ ಪ್ರಾಜೆಕ್ಟ್ ಹುದ್ದೆಗಳು ಬರುತ್ತವೆ. ಸಂದರ್ಶನ ಕಡಿಮೆ ಅವಧಿಯಲ್ಲಿ ಕರೆಯುತ್ತಾರೆ, ಅವರ ವೆಬ್‌ಸೈಟನ್ನು ವಾರಕ್ಕೊಮ್ಮೆ ನೋಡದಿದ್ದರೆ ದಿನಾಂಕ ದಾಟಿರುತ್ತದೆ.

ಹೊರದೇಶದ ಮನಸ್ಸಿದ್ದರೆ ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ನ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್. ಆ ದಿನಕ್ಕೆ ವೈವಾ ಮುಗಿದಿರಬೇಕು, ಪದವಿ ಪತ್ರ ಕೈಗೆ ಬರದಿದ್ದರೂ ನಡೆಯುತ್ತದೆ. ಮೇಲಿನ ಲೆಕ್ಕದಂತೆ 2028ರ ಮೇಗೆ ವೈವಾ ಆದರೆ ಅದೇ ಸೆಪ್ಟೆಂಬರ್ ಸಿಗುತ್ತದೆ. ಅಕ್ಟೋಬರ್‌ಗೆ ಜಾರಿದರೆ ಪೂರ್ತಿ ಒಂದು ವರ್ಷ ಹೋಯಿತು. ಕರೆದುಕೊಳ್ಳುವ ಪ್ರಾಧ್ಯಾಪಕರು ಮೊದಲೇ ಒಪ್ಪಿರಬೇಕು, ಅವರಿಗೆ ಆ ವರ್ಷದ ಜನವರಿಯಲ್ಲೇ ಬರೆಯಿರಿ.

ಪೇಟೆಂಟ್ ಏಜೆಂಟ್ ಪರೀಕ್ಷೆಯೂ ಇದೆ: 100 ಅಂಕದ ಎರಡು ಪತ್ರಿಕೆ, 50 ಅಂಕದ ಮೌಖಿಕ, ಪ್ರತಿ ಪತ್ರಿಕೆಯಲ್ಲಿ 50%, ಒಟ್ಟು 60% ಬೇಕು. ವಿಜ್ಞಾನ ಪದವಿ ಸಾಕು. ಆದರೆ ಜೀವಿಗಳ ಕ್ಷೇತ್ರಕಾರ್ಯ ಇಷ್ಟಪಡುವವರಿಗೆ ಅದನ್ನು ಎರಡನೆಯದಾಗಿ ಇಡುತ್ತೇನೆ.

ಅಳಿವೆ_ಬಾಗಿಲು

ಲೆಕ್ಕಕ್ಕೆ ಧನ್ಯವಾದ. ಜೂನ್‌ನಿಂದ ವಾರಕ್ಕೆ 15 ಗಂಟೆ ಅತಿಥಿ ಉಪನ್ಯಾಸ ಮಾಡಿದರೆ ಅನುಭವ ಪತ್ರ ಸಿಗುತ್ತದಲ್ಲ, ಅದು ಬೇಡವೇ?

ಗುಡ್ಡೆ_ಹತ್ತುವವರು

ಈಗ ಬೇಡ ಮಾರಾಯ್ರೆ. ಫೆಲೋಶಿಪ್ ಪಡೆಯುವಾಗ ಸಂಬಳದ ಬೇರೆ ಕೆಲಸಕ್ಕೆ ನಿಯಮ ಬಿಡುವುದಿಲ್ಲ, ಆಮೇಲೆ ಹಣ ಹಿಂದಿರುಗಿಸಲು ಬರೆದಾರು. ಇನ್ನು 15 ಗಂಟೆ ಪಾಠ ಎಂದರೆ ತಯಾರಿ, ಇಂಟರ್ನಲ್ಸ್, ಬಸ್ಸು ಸೇರಿ 30 ಗಂಟೆ. ಮೇಲಿನ 24 ಗಂಟೆ ಎಲ್ಲಿಂದ ಬರುತ್ತದೆ? ಸಲ್ಲಿಕೆಯ ನಂತರ ಫೆಲೋಶಿಪ್ ನಿಂತ ಮೇಲೆ ಮಾಡಿ, ವೈವಾದವರೆಗಿನ ಖಾಲಿ ತಿಂಗಳುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ.

ಹಂಪನಕಟ್ಟೆ_ಓಪಿಡಿ

ನಿದ್ದೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ನನ್ನ ಮಟ್ಟಿಗೆ ವೇಳಾಪಟ್ಟಿಗಿಂತ ಅದೇ ಮೊದಲು, ತಲೆ ಓಡದ ಮೇಲೆ 24 ಗಂಟೆಯ ಲೆಕ್ಕ ಬರೀ ಕಾಗದ.

ಡಾಕ್ಟರ್ ಬೇಕೇ ಎಂದು ಕೇಳಿದಿರಿ. ಎರಡು ತಿಂಗಳು ಆಗಿದೆ, ಹಗಲಿನ ಕೆಲಸ ಕೆಟ್ಟಿದೆ, ಬೇಕು. ಹೋಗುವ ಮೊದಲು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಿ ತೆಗೆದುಕೊಂಡು ಹೋಗಿ. ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. 10 ಅಥವಾ ಮೇಲಿದ್ದರೆ ವೈದ್ಯರು ಕೂತು ನೋಡಬೇಕಾದ ಮಟ್ಟ. ಒಂಬತ್ತನೆಯದು ಸಾಯುವ ಅಥವಾ ತನಗೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡುತ್ತಾ ಕೂರದೆ ಅದೇ ದಿನ ಯಾರಿಗಾದರೂ ಹೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸುಸ್ತೆಲ್ಲ ಮನಸ್ಸಿನದ್ದೇ ಎಂದುಕೊಳ್ಳಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಒಮ್ಮೆ ನೋಡಿಸಿ. ಊಟ ಸರಿಯಿಲ್ಲದೆ, ಹೊತ್ತು ತಪ್ಪಿ ತಿಂದು ರಕ್ತಹೀನತೆ ಇದ್ದರೆ ಅದೂ ಹೀಗೇ ಕಾಣುತ್ತದೆ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯವರಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಚೀಟಿ ಮಾಡಿಸಿ ಮನೋವೈದ್ಯರ ಹೊರರೋಗಿ ದಿನ ಕೇಳಿಕೊಳ್ಳಿ.

ಗೈಡ್‌ಗೆ ಗೊತ್ತಾದರೆ ಎಂಬ ಹೆದರಿಕೆಯಿಂದ ಎಷ್ಟೋ ಜನ ಹಿಂದೆ ಸರಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ನಿಮ್ಮ ಮಾಹಿತಿ ಗೋಪ್ಯ. ರಜೆಗೆ ವೈದ್ಯಕೀಯ ಪತ್ರ ಬೇಕಾದರೆ ರೋಗದ ಹೆಸರಿಲ್ಲದೆ ಎಷ್ಟು ದಿನ ವಿಶ್ರಾಂತಿ ಎಂದಷ್ಟೇ ಬರೆದುಕೊಡಲು ಕೇಳಿ. ಮಾತ್ರೆ ಕೊಟ್ಟರೆ ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಿಸಲು ಕೆಲವು ವಾರ ತೆಗೆದುಕೊಳ್ಳುತ್ತವೆ. ಹತ್ತು ದಿನಕ್ಕೆ ಏನೂ ಆಗಲಿಲ್ಲ ಎಂದು ಬಿಡಬೇಡಿ, ಚೆನ್ನಾಗಾಯಿತು ಎಂದು ಒಮ್ಮೆಲೇ ನಿಲ್ಲಿಸಲೂಬೇಡಿ.

ಇವತ್ತಿನಿಂದ ಮಾಡಬಹುದಾದದ್ದು: ಏಳುವ ಹೊತ್ತನ್ನು ಗಟ್ಟಿ ಮಾಡಿ. 3ಕ್ಕೆ ಮಲಗಿದರೂ ಬೆಳಿಗ್ಗೆ 7ಕ್ಕೆ ಏಳಿ, ಭಾನುವಾರವೂ. ಮೊದಲ ವಾರ ಕಷ್ಟ, ಆ ದಿನಗಳಲ್ಲಿ ದೋಣಿ ಹತ್ತಬೇಡಿ, ದೂರ ಬೈಕ್ ಓಡಿಸಬೇಡಿ. ಮಧ್ಯಾಹ್ನ 2ರ ನಂತರ ಕಾಪಿ, ಚಾ ಬೇಡ. ಹಾಸಿಗೆಯಲ್ಲಿ ನಿದ್ದೆ ಬಾರದೆ 20 ನಿಮಿಷವಾದಂತೆ ಅನಿಸಿದರೆ ಎದ್ದು ಕುರ್ಚಿಯಲ್ಲಿ ಕೂತು ಮತ್ತೆ ತೂಕಡಿಕೆ ಬಂದ ಮೇಲೆ ಮಲಗಿ. ರಜೆ ಸಾಕೇ ಎಂದರೆ, ಊರಿಗೆ ಹೋಗಿ ಹಗಲು 11ಕ್ಕೆ ಏಳುವ ರಜೆಯಿಂದ ಈ ತೊಂದರೆ ಹೆಚ್ಚಾಗುತ್ತದೆ.

ಕಡತ_ಮತ್ತು_ಕಲಂ

ನಿಯಮದ ಕಡೆಯಿಂದ ಸ್ವಲ್ಪ. ನಿಮ್ಮ ಪ್ರವೇಶ 2022ರ ನವೆಂಬರ್ 7ರ ನಂತರದ್ದು, ಹಾಗಾಗಿ 2022ರ ಯುಜಿಸಿ ನಿಯಮಾವಳಿ ಅನ್ವಯ. ಅದರಲ್ಲಿ ಸಲ್ಲಿಕೆಗೆ ಮೊದಲು ಪೇಪರ್ ಪ್ರಕಟವಾಗಲೇಬೇಕೆಂಬ ಷರತ್ತಿಲ್ಲ, ಆದರೆ ವಿಶ್ವವಿದ್ಯಾನಿಲಯದ ಸ್ವಂತ ಆರ್ಡಿನೆನ್ಸ್ ಕೇಳುತ್ತಿರಬಹುದು, ಅದನ್ನು ಈ ವಾರವೇ ಓದಿ. ಗರಿಷ್ಠ ಅವಧಿ 6 ವರ್ಷ, ನಿಮಗೆ 2029ರ ಜನವರಿ. ಮರುನೋಂದಣಿಯಿಂದ ಇನ್ನು 2 ವರ್ಷ ಸಿಗಬಹುದು, ಮಹಿಳೆಯರಿಗೂ 40%ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆ 2. ಅಂದರೆ ಫೆಲೋಶಿಪ್ ಮುಗಿದ ದಿನ ನೋಂದಣಿ ಮುಗಿಯುವುದಿಲ್ಲ. ಮೂರು ವಾರ ವೈದ್ಯಕೀಯ ರಜೆ ತೆಗೆದುಕೊಂಡರೆ ಪದವಿ ಹೋಗುತ್ತದೆ ಎಂಬ ಭಯಕ್ಕೆ ಕಾರಣ ಇಲ್ಲ.

ಥೀಸಿಸ್‌ನಲ್ಲಿ ನಕಲು ಇದೆಯೇ ಎಂದು ನೋಡುವ ಸಾಮ್ಯತೆ ತಪಾಸಣೆಯಲ್ಲಿ 10%ವರೆಗೆ ತೊಂದರೆಯಿಲ್ಲ. ಉಲ್ಲೇಖಪಟ್ಟಿ, ಪರಿವಿಡಿ, ಕೃತಜ್ಞತೆ, 14 ಪದಗಳವರೆಗಿನ ಸಾಮಾನ್ಯ ಸಾಲುಗಳು ಲೆಕ್ಕಕ್ಕಿಲ್ಲ. ಸಿಕ್ಕಿಬೀಳುವುದು ಹೆಚ್ಚಾಗಿ ವಿಧಾನದ ಅಧ್ಯಾಯ, ಗ್ರ್ಯಾಬ್, ಜರಡಿ, ಬಣ್ಣ ಎಲ್ಲರೂ ಒಂದೇ ವಾಕ್ಯದಲ್ಲಿ ಬರೆದಿರುತ್ತಾರೆ. ಅದನ್ನು ಈಗ, ಸ್ಯಾಂಪಲ್ ತೆಗೆಯುವ ವಾರದಲ್ಲೇ, ನೀವು ಮಾಡಿದ್ದನ್ನು ನೋಡಿ ಬರೆದರೆ ಮಾತು ತಾನಾಗಿ ನಿಮ್ಮದಾಗುತ್ತದೆ.

ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ದತ್ತಾಂಶಕ್ಕೆ ಬೀಗ ಹಾಕುವ ದಿನಾಂಕ, ಅಧ್ಯಾಯಗಳ ದಿನಾಂಕ ಎರಡನ್ನೂ ಅಲ್ಲೇ ಇಟ್ಟು ನಡಾವಳಿಯಲ್ಲಿ ಬರೆಸಿ. ಗೈಡ್‌ಗೆ ಕೊಟ್ಟ ಪ್ರತಿ ಕರಡು ಇಮೇಲ್‌ನಲ್ಲೇ ಹೋಗಲಿ, ಜೊತೆಗೆ ‘ಮೂರು ವಾರದಲ್ಲಿ ತಿಳಿಸಿದರೆ ಮುಂದಿನ ಅಧ್ಯಾಯಕ್ಕೆ ಹೋಗುತ್ತೇನೆ’ ಎಂಬ ಒಂದು ಸಾಲು. ತಿಂಗಳುಗಟ್ಟಲೆ ಉತ್ತರ ಬರದಿದ್ದರೆ ಮೊದಲು ಸಮಿತಿಗೆ, ಅಲ್ಲೂ ಆಗದಿದ್ದರೆ 2023ರ ಯುಜಿಸಿ ನಿಯಮಾವಳಿಯ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ. ಅವರು ಆದಷ್ಟು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಮೇಲ್ಮನವಿ. ಆ ಹೊತ್ತಿಗೆ ಕೈಯಲ್ಲಿ ಬೇಕಾಗುವುದು ಇದೇ ಇಮೇಲ್‌ಗಳು, ತಾರೀಕಿನ ಸಮೇತ.