ಕಾಸ್ಟಿಕ್‌ನಲ್ಲಿ ತೊಳೆದ ಮೇಲೂ ಅಲ್ಯುಮಿನಾ ಫಿಲ್ಟರ್ ಫ್ಲೋರೈಡ್ ಹಿಡೀವಲ್ದು, ಯಾಕ?

ಪ್ರಶ್ನೆ (ಸುರಪುರ ತಾಲೂಕು, ಯಾದಗಿರಿ)
ಬೋರ್ ನೀರಿನ್ಯಾಗ ಫ್ಲೋರೈಡ್ ಲೀಟರಿಗೆ 3.2 ಮಿ.ಗ್ರಾಂ, ಪಿಎಚ್ (ಹುಳಿ-ಕ್ಷಾರದ ಅಳತಿ, 7 ಅಂದ್ರ ಸಮ) 8.2. ಫಿಲ್ಟರಿನ್ಯಾಗ 3 ಕೆಜಿ ಆ್ಯಕ್ಟಿವೇಟೆಡ್ ಅಲ್ಯುಮಿನಾ (ಫ್ಲೋರೈಡ್ ಹಿಡಿಯೋ ಅಲ್ಯುಮಿನಿಯಂ ಆಕ್ಸೈಡ್ ಕಾಳು) ಅದ, ದಿನಾ 20 ಲೀಟರ್ ಹಿಡೀತೀವಿ. ಎರಡು ತಿಂಗಳು 1ರ ಒಳಗ ಇತ್ತು, ಆಮೇಲೆ 1.5 ದಾಟ್ತು. 1% ಕಾಸ್ಟಿಕ್ ಸೋಡಾದಾಗ ರಾತ್ರಿಪೂರ್ತಿ ನೆನೆಸಿ, ನಾಲ್ಕೈದು ಸಲ ತೊಳದು ಮತ್ತ ತುಂಬಿದ್ವಿ. ಈಗ 2.8 ಬರ್ಲಿಕತ್ತದ, ನೀರು ಮುಟ್ಟಿದ್ರ ಜಾರ್ತದ. ಅಲ್ಯುಮಿನಾ ಕೆಟ್ಟು ಹೋತೇನ್ರಿ?

ಉತ್ತರ 1
ಕೆಟ್ಟಿಲ್ಲ. ಕಾಸ್ಟಿಕ್ ಆದ ಮೇಲೆ ಆ್ಯಸಿಡ್ ಕೊಡೋದು ಬಿಟ್ಟು ಹೋಗಿದೆ, ಅಷ್ಟೇ.

ಅಲ್ಯುಮಿನಾ ಕಾಳಿನ ಮೇಲ್ಮೈ ತುಂಬ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ (ಆಮ್ಲಜನಕ-ಜಲಜನಕದ ಜೋಡಿಗಳು). ಪಿಎಚ್ 8ರಿಂದ 9ರ ನಡುವೆ ಎಲ್ಲೋ ಒಂದು ಕಡೆ ಆ ಮೇಲ್ಮೈಯ ವಿದ್ಯುದಂಶ ಸೊನ್ನೆ. ಅದಕ್ಕಿಂತ ಕೆಳಗೆ ಧನ, ಮೇಲೆ ಋಣ. ಫ್ಲೋರೈಡ್ ಋಣ ಅಯಾನು, ಅಂದರೆ ಋಣ ವಿದ್ಯುದಂಶ ಇರುವ ಕಣ. ಧನ ಮೇಲ್ಮೈಗೆ ಬಂದು ಹೈಡ್ರಾಕ್ಸಿಲನ್ನು ಎಬ್ಬಿಸಿ ತಾನು ಕೂರುತ್ತದೆ. ಕಾಸ್ಟಿಕ್ ಹಾಕಿದಾಗ ಇದೇ ತಿರುಗಾಮುರುಗಾ: ಹೈಡ್ರಾಕ್ಸೈಡ್ ಬಂದು ಫ್ಲೋರೈಡನ್ನು ಹೊರಹಾಕುತ್ತದೆ. ಆ ಕ್ಷಾರ ಕಾಳಿನ ಸಣ್ಣ ರಂಧ್ರಗಳಲ್ಲೇ ಉಳಿದಿದೆ, ನೀರು ಜಾರುವುದು ಅದಕ್ಕೇ. ಈಗ ಮೇಲ್ಮೈ ಋಣ, ಫ್ಲೋರೈಡನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಎರಡು ತಿಂಗಳಿಗೇ ಮುಗಿಯಿತೆಂದು ಬೇಸರ ಬೇಡ. 1200 ಲೀಟರಿನಲ್ಲಿ ಲೀಟರಿಗೆ 2.5 ಮಿ.ಗ್ರಾಂನಂತೆ 3 ಗ್ರಾಂ ಹಿಡಿದಿದೆ, ಅಂದರೆ ಕೆಜಿಗೆ 1 ಗ್ರಾಂ. ಪಿಎಚ್ 8.2ರ, ಬೈಕಾರ್ಬೊನೇಟ್ ಇರುವ ನೀರಿಗೆ ಅದು ಸರಿಯಾದ ಲೆಕ್ಕವೇ.

ಉತ್ತರ 2
ಮಾಡೋದು ಹೀಂಗ್ರಿ. ಮೊದಲು ಇನ್ನೂ ಹತ್ತು ಸಲ ಸಾದಾ ನೀರಿಲೆ ತೊಳೀರಿ. ಪ್ಲಾಸ್ಟಿಕ್ ಬಕೆಟ್ಟಿನ್ಯಾಗ 10 ಲೀಟರ್ ನೀರು ತಗೊಂಡು 98%ರ ಸಲ್ಫ್ಯೂರಿಕ್ ಆ್ಯಸಿಡ್ 110 ಮಿಲೀ ನಿಧಾನಕ್ಕ ಸುರೀರಿ. ಆ್ಯಸಿಡ್ಡೇ ನೀರಿಗೆ ಬೀಳಬೇಕು, ನೀರು ಆ್ಯಸಿಡ್ಡಿಗಲ್ಲ. ಕೈಗವಸು, ಕನ್ನಡಕ ಬೇಕೇ ಬೇಕು. ಇದನ್ನ ಅಲ್ಯುಮಿನಾ ಮುಳುಗಿದ ನೀರಿಗೆ ಅರ್ಧರ್ಧ ಲೀಟರ್ ಹಾಕಿ, ಕಲಿಸಿ, ಅರ್ಧ ತಾಸು ಬಿಟ್ಟು ಪಿಎಚ್ ನೋಡ್ರಿ. ಮೊದಮೊದಲು ಇಳಿದದ್ದು ಮತ್ತ ಏರ್ತದ. ರಂಧ್ರದಾಗಿನ ಕ್ಷಾರ ಹೊರಗ ಬರೋದು ಅದು. 5.5–6ಕ್ಕ ನಿಂತಾಗ ಸಾಕು ಮಾಡ್ರಿ. 4ರ ಕೆಳಗ ಬಹಳ ಹೊತ್ತು ಬಿಟ್ರ ಅಲ್ಯುಮಿನಾನೇ ಕರಗ್ತದ. ಹಳೇ ಬ್ಯಾಟರಿ ಆ್ಯಸಿಡ್ ಮುಟ್ಟಬ್ಯಾಡ್ರಿ, ಅದರಾಗ ಸೀಸ ಇರ್ತದ.

ಕಡೀಗೆ 6.5–7 ಬರೋತನಕ ತೊಳೀರಿ. ಮೊದಲ ಎರಡು ಬಕೆಟ್ ಕುಡೀಬ್ಯಾಡ್ರಿ. ನಳ ತಾಸಿಗೆ 15 ಲೀಟರಿಗಿಂತ ಜೋರು ಬಿಡಬ್ಯಾಡ್ರಿ. ಅಷ್ಟಿದ್ರ ನೀರು ಕಾಳಿನ ನಡುವ ಸಾಕಷ್ಟು ಹೊತ್ತು ಇರ್ತದ.

ಉತ್ತರ 3
ಟೆಸ್ಟಿನ ಬಗ್ಗೆ ಒಂದು ಮಾತು. ಕರಗಿದ ಅಲ್ಯುಮಿನಿಯಂ ಇದ್ದರೆ ಬಣ್ಣದ ಕಿಟ್ ಫ್ಲೋರೈಡನ್ನು ಕಡಿಮೆ ತೋರಿಸಬಹುದು. ತೊಳೆದ ನಂತರದ ಮೊದಲ ಸ್ಯಾಂಪಲ್‌ಗೆ ಫ್ಲೋರೈಡ್ ಎಲೆಕ್ಟ್ರೋಡ್ ಇರುವ ಲ್ಯಾಬ್ ಒಳ್ಳೆಯದು. ಕಾಸ್ಟಿಕ್ ನೆನೆಸಿದ ನೀರಲ್ಲಿ ಆ 3 ಗ್ರಾಂ ಫ್ಲೋರೈಡಿನ ಬಹುಪಾಲು ಇರುತ್ತದೆ. ಹೊಲಕ್ಕಾಗಲಿ ಹಳ್ಳಕ್ಕಾಗಲಿ ಚೆಲ್ಲಬಾರದು. ಸುಣ್ಣ ಹಾಕಿದರೆ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಹೆಚ್ಚಿನದು ತಳಕ್ಕಿಳಿಯುತ್ತದೆ.

ಪ್ರಶ್ನೆ ಕೇಳಿದವರು
ತೊಗರಿಕಟ್ಟಿಗಿ ಇದ್ದಲಿ ನಮ್ಮಲ್ಲಿ ಬೇಕಾದಷ್ಟು ಅದ, ಅಲ್ಯುಮಿನಾ ಬದ್ಲಿ ನಡೀತದೇನ್ರಿ?

ಉತ್ತರ 1
ಫ್ಲೋರೈಡಿಗೆ ನಡೆಯೋದಿಲ್ಲ. ಇದ್ದಲಿನ ಮೇಲ್ಮೈ ನೀರನ್ನು ಅಷ್ಟಾಗಿ ಬಯಸದು. ವಾಸನೆ, ಬಣ್ಣ, ಸಾವಯವ ಅಣುಗಳನ್ನು ಚೆನ್ನಾಗಿ ಹಿಡಿಯುತ್ತದೆ. ಫ್ಲೋರೈಡ್ ಸುತ್ತ ನೀರಿನ ಅಣುಗಳು ಬಿಗಿಯಾಗಿ ಕಟ್ಟಿಕೊಂಡಿರುತ್ತವೆ, ಅದನ್ನು ಬಿಡಿಸಿ ಎಳೆಯಲು ಅಲ್ಯುಮಿನಿಯಂನಂಥ ಲೋಹದ ಅಯಾನು ಬೇಕು. ಕುದಿಸಿದರೂ ಹೋಗದು, ನೀರು ಆವಿಯಾಗಿ ಫ್ಲೋರೈಡ್ ಇನ್ನೂ ದಟ್ಟವಾಗುತ್ತದೆ.