ಪ್ರಾಕ್ಟೀಸ್‌ನಲ್ಲಿ ಎಲ್ಲಾ ಸರಿ, ಮ್ಯಾಚ್‌ನಲ್ಲಿ ಸೆಕೆಂಡ್ ಸರ್ವ್ ಬೀಳ್ತಾನೇ ಇಲ್ಲ (ಟೆನಿಸ್ ಸಿಂಗಲ್ಸ್, 55+ ವಯಸ್ಸು)

ಬೇಸ್‌ಲೈನ್_ಬಸು
ಬಿಡುವಾದ ಮೇಲೆ ಮತ್ತೆ ಟೂರ್ನಮೆಂಟ್ ಆಡ್ತಿದೀನಿ. ಪ್ರಾಕ್ಟೀಸ್‌ನಲ್ಲಿ ಯಾವ ಹೊಡೆತಕ್ಕೂ ತೊಂದರೆ ಇಲ್ಲ. ಸ್ಕೋರ್ ಶುರುವಾದ್ರೆ ಸಾಕು, ಕೈ ಬಿಗಿಯುತ್ತೆ. ಮೊದಲ ಸರ್ವ್ ತಪ್ಪಿದ್ರೆ, ಸೆಕೆಂಡ್ ಸರ್ವ್ ಒಂದೋ ನೆಟ್‌ಗೆ, ಇಲ್ಲಾ ಔಟ್. ಫೋರ್‌ಹ್ಯಾಂಡ್ ಬರೀ ತಳ್ಳಾಟ. ನನಗಿಂತ ಕಡಿಮೆ ಆಡೋರ ಕೈಲಿ ಸೋಲ್ತಿದೀನಿ. ಧೈರ್ಯ ತಂದ್ಕೊಳ್ಳಿ ಅನ್ನೋ ಉಪದೇಶ ಬೇಡ, ಏನು ಮಾಡ್ಬೇಕು ಅಂತ ಹೇಳಿ.

ಗಟ್_ಭಟ್ಟ
ಗಟ್ಟಿಂಗ್ (ರಾಕೆಟ್ ತಂತಿ) ಯಾವುದು? ಪಾಲಿಯೆಸ್ಟರ್ ಆದ್ರೆ ತುಂಡಾಗೋಕೆ ಮೊದಲೇ ಸತ್ತಿರುತ್ತೆ, ಚೆಂಡು ಎಲ್ಲಿ ಹೋಗುತ್ತೋ ಭಗವಂತನಿಗೇ ಗೊತ್ತು. ತಂತಿಯ ಬಿಗಿ 50 ಪೌಂಡ್ ಮೇಲಿದ್ರೆ 46–48ಕ್ಕೆ ಇಳಿಸಿ. ಅಥವಾ ಮೆತ್ತನೆ ಮಲ್ಟಿಫಿಲಮೆಂಟ್ ತಂತಿ 53.

ಬೇಸ್‌ಲೈನ್_ಬಸು
ಗಟ್ಟಿಂಗ್ ಮೊನ್ನೆ ಮೊನ್ನೆ ಮಾಡ್ಸಿದ್ದು. ಅದೇ ರಾಕೆಟ್‌ನಲ್ಲಿ ಪ್ರಾಕ್ಟೀಸ್ ಚೆನ್ನಾಗೇ ಆಗುತ್ತಲ್ಲ.

ಗಟ್_ಭಟ್ಟ
ಹೊಸದಾದ್ರೆ ಅನುಮಾನ ಜಾಸ್ತಿ. ಪಾಲಿ ಮೊದಲ ಕೆಲವು ಗಂಟೆಯಲ್ಲೇ ಬಿಗಿ ಕಳ್ಕೊಳ್ಳುತ್ತೆ. ಟೆನ್ಷನ್ (ತಂತಿಯ ಬಿಗಿ) ಎಷ್ಟು ಅಂತ ಹೇಳಲೇ ಇಲ್ಲ ನೀವು.

ಕ್ರಾಸ್‌ಕೋರ್ಟ್
ಭಟ್ರೇ, ರಾಕೆಟ್ ಎರಡೂ ಕಡೆ ಅದೇ ಇರುವಾಗ ತಂತಿಯನ್ನು ಎಷ್ಟು ಹೊತ್ತು ಎಳೀತೀರಿ? ಬಸು ಸರ್, ಪ್ರಾಕ್ಟೀಸ್ ಅಂದ್ರೆ ಏನು ಮಾಡ್ತೀರಿ? ಲೆಕ್ಕ ಇಟ್ಟು ಆಡ್ತೀರಾ? ಚೆಂಡು ಯಾವುದು? ಬಿಡುವು ಯಾಕೆ ತಗೊಂಡಿದ್ದು?

ಬೇಸ್‌ಲೈನ್_ಬಸು
ಕೋಚ್ ಬುಟ್ಟಿಯಿಂದ ಫೀಡ್ ಮಾಡ್ತಾರೆ, ಆಮೇಲೆ ರ್ಯಾಲಿ, ಕೊನೆಗೆ ಒಂದು ಬುಟ್ಟಿ ಸರ್ವ್. ಚೆಂಡು ಅಲ್ಲಿರೋ ಹಳೇವೇ. ಎಲ್ಲರೂ ಇಷ್ಟೇ ತಾನೆ ಮಾಡೋದು? ಬಿಡುವು ಬಲಭುಜಕ್ಕೆ, ರೊಟೇಟರ್ ಕಫ್ (ಭುಜದ ಕೀಲು ಹಿಡಿದಿಡೋ ಸ್ನಾಯುಗಳು) ನೋವು. ಈಗ ನೋವಿಲ್ಲ, ಫಿಸಿಯೋ ಒಪ್ಪಿದಾರೆ.

ಕ್ರಾಸ್‌ಕೋರ್ಟ್
ಭುಜದ ವಿಷಯ ಮೊದಲೇ ಹೇಳ್ಬೇಕಿತ್ತು ಸರ್, ಅರ್ಧ ಉತ್ತರ ಅಲ್ಲೇ ಇದೆ.

ನೊಂದ ಭುಜವನ್ನು ಕಾಪಾಡೋಕೆ ಹೋದಾಗ ಕೈ ಪೂರ್ತಿ ಮೇಲೇರಲ್ಲ, ಚೆಂಡನ್ನು ಕೆಳಗೆ ಇಳಿದ ಮೇಲೆ ಹೊಡೀತೀರಿ. ಅದು ನೆಟ್‌ಗೆ. ಮುಂದಿನ ಸಲ ನೆಟ್ ದಾಟಿಸೋಕೆ ರಾಕೆಟ್ ಮುಖ ತೆರೀತೀರಿ, ಜೊತೆಗೆ ಕೈಯೂ ನಿಧಾನ. ಸ್ಪಿನ್ ಇಲ್ಲದ ಚೆಂಡು ಬಾಕ್ಸ್ ಒಳಗೆ ಇಳಿಯಲ್ಲ, ಔಟ್. ಎರಡೂ ಒಂದೇ ರೋಗ.

ಟಾಸ್ (ಸರ್ವ್ ಮಾಡೋಕೆ ಚೆಂಡು ಮೇಲೆಸೆಯೋದು) ನೋಡ್ಕೊಳ್ಳಿ: ಮುಂಗಾಲ ಹೆಬ್ಬೆರಳಿನಿಂದ ಸುಮಾರು 30 ಸೆಂ.ಮೀ. ಮುಂದೆ, ಚೂರು ಬಲಕ್ಕೆ ರಾಕೆಟ್ ಮಲಗಿಸಿ. ಟಾಸ್ ಹಾಕಿ ಹೊಡೀದೆ ಬಿಡಿ, ಚೆಂಡು ತಂತಿ ಮೇಲೆ ಬೀಳ್ಬೇಕು. ತಲೆ ಹಿಂದಕ್ಕೆ ಟಾಸ್ ಹಾಕೋ ಕಿಕ್ ಸರ್ವ್ ಸದ್ಯಕ್ಕೆ ಬೇಡ, ಭುಜಕ್ಕೂ ಸೊಂಟಕ್ಕೂ ಭಾರ. ಸುತ್ತಿಗೆ ಹಿಡಿದ ಹಾಗೆ ಹಿಡಿಯೋ ಕಾಂಟಿನೆಂಟಲ್ ಗ್ರಿಪ್‌ನಲ್ಲಿ ಸ್ಲೈಸ್ (ಚೆಂಡಿನ ಪಕ್ಕ ಸವರಿ ತಿರುಗಿಸೋ ಸರ್ವ್) ಸಾಕು. ಕೈ ವೇಗ ಫಸ್ಟ್ ಸರ್ವ್‌ನಷ್ಟೇ ಇರ್ಲಿ, ಚೆಂಡನ್ನು ಸವರೋದು ಜಾಸ್ತಿ ಮಾಡಿ. ನೆಟ್ ಮೇಲೆ ಎರಡು-ಮೂರು ಅಡಿ ಜಾಗ ಬಿಡಿ.

ಇನ್ನು ಬುಟ್ಟಿ. ಸಾಲಾಗಿ ಸರ್ವ್ ಹೊಡೆದ್ರೆ ಆರನೇದಕ್ಕೆ ಕೈ ಕೂರುತ್ತೆ, ತಪ್ಪಿದ್ರೂ ದಂಡ ಇಲ್ಲ. ಮ್ಯಾಚ್‌ನಲ್ಲಿ ಓಡಿ ಏದುಸಿರು ಬಿಡ್ತಾ ಬಂದು, ಒಂದು ತಪ್ಪಿದ ಮೇಲೆ ಒಂದೇ ಅವಕಾಶ. ಇವೆರಡು ಬೇರೆ ಬೇರೆ ಕೆಲಸ. ಚೆಂಡೂ ಹಾಗೇ. ನಿಯಮದ ಪ್ರಕಾರ 254 ಸೆಂ.ಮೀ. ಎತ್ತರದಿಂದ ಬಿಟ್ಟ ಸಾಮಾನ್ಯ ಚೆಂಡು 135–147 ಸೆಂ.ಮೀ. ಪುಟೀಬೇಕು. ಬುಟ್ಟಿಯ ಹಳೇ ಚೆಂಡು ಅಷ್ಟು ಏಳಲ್ಲ. ಹೊಸ ಡಬ್ಬ ತೆಗೆದ ದಿನ ಚೆಂಡು ಬೇಗ ಬಂದು ಎದೆಮಟ್ಟ ಏಳುತ್ತೆ, ನೀವು ತಡ ಆಗ್ತೀರಿ, ಅದಕ್ಕೇ ತಳ್ಳಾಟ. ಪ್ರಾಕ್ಟೀಸ್ ಮ್ಯಾಚ್‌ಗೆ ಹೊಸ ಡಬ್ಬವನ್ನೇ ತೆಗೀರಿ.

ಆತ್ಮವಿಶ್ವಾಸ ಫೀಡ್‌ನಿಂದ ಬರಲ್ಲ, ಸ್ಕೋರ್ ಹೇಳಿ ಆಡಿದ್ರೇ ಬರೋದು. ಮೊದಲು ನಿಮಗೆ ಒಂದೇ ಸರ್ವ್ ಇಟ್ಟು, ಅದನ್ನೇ ಸೆಕೆಂಡ್ ಸರ್ವ್ ಅಂದ್ಕೊಂಡು ಒಂದು ಸೆಟ್. ಅದು ನಿಂತ ಮೇಲೆ ನಿಮ್ಮ ಪ್ರತಿ ಸರ್ವಿಸ್ ಗೇಮ್ 0-30ರಿಂದ ಶುರು, ಅಂದ್ರೆ ಎದುರಾಳಿಗೆ ಮೊದಲೇ ಎರಡು ಪಾಯಿಂಟ್. ಸಮಯ ಉಳಿದ್ರೆ 10 ಪಾಯಿಂಟ್ ಟೈಬ್ರೇಕ್ (ಮೂರನೇ ಸೆಟ್ ಬದಲು ಆಡೋದು, ಎರಡರ ಅಂತರದಲ್ಲಿ ಮೊದಲು 10 ಮುಟ್ಟಿದೋರು ಗೆದ್ದಂಗೆ). ಗೆಲುವು-ಸೋಲು ಬರೀಬೇಡಿ, ಸೆಕೆಂಡ್ ಸರ್ವ್ ಎಷ್ಟು ಬಿತ್ತು, ಎಷ್ಟರಲ್ಲಿ ಕೈ ಪೂರ್ತಿ ಬೀಸಿದ್ರಿ, ಅಷ್ಟು ಸಾಕು. ಪೂರ್ತಿ ಬೀಸಿ ತಪ್ಪಿದ್ದು ಪರವಾಗಿಲ್ಲ. ಎದುರಾಳಿಗಳಲ್ಲಿ ಒಬ್ಬರು ನಿಮಗಿಂತ ಕಡಿಮೆ, ಒಬ್ಬರು ಸರಿಸಮ, ಒಬ್ಬರು ಮೇಲಿನವರು ಇರ್ಲಿ. ಬರೀ ಮೇಲಿನವರ ಹತ್ರ ಆಡಿದ್ರೆ, ಸೋತ್ರೂ ಮರ್ಯಾದೆ ಹೋಗಲ್ಲ ಅಂತ ಒತ್ತಡವೇ ಇರಲ್ಲ.

ಹಳೇ_ಹುಲ್ಲು
10 ಪಾಯಿಂಟ್ ಟೈಬ್ರೇಕ್ ಅಂದ್ರೆ ಲಾಟರಿ. ಮೂರನೇ ಸೆಟ್ ಆಡದ ಟೆನಿಸ್ ಟೆನಿಸ್ಸೇ ಅಲ್ಲ.

ನೆಟ್_ಪೋಸ್ಟ್
ನಿಯಮ ಪುಸ್ತಕದಲ್ಲೇ ಇದೆ ಸ್ವಾಮಿ, ಸೀನಿಯರ್ಸ್‌ನಲ್ಲಿ ಎಷ್ಟೋ ಕಡೆ ಮ್ಯಾಚ್ ಮುಗಿಯೋದೇ ಅದರಲ್ಲಿ. ಅಭ್ಯಾಸ ಇಲ್ದೋರಿಗೆ ಲಾಟರಿ.

ಹಳೇ_ಹುಲ್ಲು
ಪುಸ್ತಕದಲ್ಲಿದ್ದ ಮಾತ್ರಕ್ಕೆ ಒಳ್ಳೇದಾಗಿಬಿಡ್ತಾ?

ನೆಟ್_ಪೋಸ್ಟ್
ಅದನ್ನ ಬೇರೆ ಕಡೆ ಜಗಳ ಆಡೋಣ. ಬಸು ಸರ್, ಪಾಯಿಂಟ್ ನಡುವೆ 25 ಸೆಕೆಂಡ್ ಇದೆ, ಅವಸರ ಬೇಡ. ಬೆನ್ನು ತಿರುಗಿಸಿ, ರಾಕೆಟ್ ಎಡಗೈಗೆ ಕೊಡಿ, ಬಲಗೈ ಬೆರಳು ಸಡಿಲ ಮಾಡಿ, ಉಸಿರು ಉದ್ದಕ್ಕೆ ಬಿಡಿ. ಸರ್ವ್ ಎಲ್ಲಿಗೆ ಅನ್ನೋದು ಗೆರೆ ಹತ್ರ ಬರೋ ಮೊದಲೇ ತೀರ್ಮಾನ ಆಗಿರ್ಲಿ, ಚೆಂಡು ಪುಟಿಸ್ತಾ ಮನಸ್ಸು ಬದಲಾಯಿಸಬೇಡಿ. ಇದು ನಿಮ್ಮ ಸರ್ವ್‌ಗೆ ಮಾತ್ರ. ರಿಸೀವ್ ಮಾಡುವಾಗ ಸರ್ವರ್‌ನ ನ್ಯಾಯವಾದ ವೇಗಕ್ಕೆ ನೀವು ಸಿದ್ಧ ಇರ್ಬೇಕು.

ರಾಕೆಟ್_ರಾಯ
ನಂದು 305 ಗ್ರಾಂ ಫ್ರೇಮ್, ಲೆದರ್ ಗ್ರಿಪ್, ತಲೆಗೆ 2 ಗ್ರಾಂ ಲೆಡ್ ಟೇಪ್. ಮೇನ್ಸ್ (ಉದ್ದ ತಂತಿ) ನ್ಯಾಚುರಲ್ ಗಟ್ 54, ಕ್ರಾಸ್ (ಅಡ್ಡ ತಂತಿ) ಪಾಲಿ 50. ಒಂದೇ ತೂಕದ ಮೂರು ರಾಕೆಟ್ ಬ್ಯಾಗಲ್ಲಿ.

ಗಟ್_ಭಟ್ಟ
ಆಹಾ! ಕ್ರಾಸ್ ಯಾವ ಗೇಜ್ (ದಪ್ಪ)? 1.25ಆ?

ಕ್ರಾಸ್‌ಕೋರ್ಟ್
ಭುಜ ನೊಂದವರಿಗೆ ತಲೆಭಾರದ ರಾಕೆಟ್ ಹೇಳ್ಕೊಡಬೇಡಿ ದಯವಿಟ್ಟು.

ಬೇಸ್‌ಲೈನ್_ಬಸು
ಒಂದೇ ಸರ್ವ್‌ಗೆ ಜೊತೆಯವರು ಒಪ್ಪಲ್ಲ, ಬೋರಾಗುತ್ತೆ ಅಂತಾರೆ. ಮತ್ತೆ, ಬರೀ ಎತ್ತಿ ಎತ್ತಿ ಹಾಕೋರ ಹತ್ರ ಏನು ಮಾಡೋದು?

ಕ್ರಾಸ್‌ಕೋರ್ಟ್
ಅವರಿಗೆ ಎರಡು ಸರ್ವ್, ನಿಮಗೆ ಮಾತ್ರ ಒಂದು ಅನ್ನಿ; ಬೇಡ ಅನ್ನೋರು ಯಾರು? ಎತ್ತಿ ಹಾಕೋರಿಗೆ ಗೆರೆ ಪಕ್ಕ ನೇರ ಹೊಡೀಬೇಡಿ, ಕ್ರಾಸ್‌ಕೋರ್ಟ್ (ಎದುರಿನ ಓರೆ ಮೂಲೆಗೆ) ಆಡಿ. ನೆಟ್ ನಡುವೆ 91.4 ಸೆಂ.ಮೀ., ಕಂಬದ ಹತ್ರ 107. ಮೂಲೆಯಿಂದ ಮೂಲೆಗೆ ಸುಮಾರು 1.4 ಮೀಟರ್ ಹೆಚ್ಚು ಜಾಗ. ಅವರ ಚೆಂಡು ಸರ್ವಿಸ್ ಗೆರೆಯಿಂದ ಒಳಗೆ ಬಿದ್ದಾಗ ಮಾತ್ರ ಮುಂದೆ ನುಗ್ಗಿ.

ರಾಕೆಟ್_ರಾಯ
ಭಟ್ರೇ, 1.20. ಲೆದರ್ ಮೇಲೆ ಓವರ್‌ಗ್ರಿಪ್ ಒಂದೋ ಎರಡೋ?