ಅಂಗನವಾಡಿ ತಾಯಂದಿರ ಸಭೆಯಲ್ಲಿ ಮೊಬೈಲ್ ವಿಷಯ: ಏನು ಹೇಳಲಿ, ಏನು ತೋರಿಸಲಿ?

ಪ್ರಶ್ನೆ | ಅಂಗನವಾಡಿ ಕಾರ್ಯಕರ್ತೆ, ದಾವಣಗೆರೆ
ಮುಂದಿನ ವಾರ ತಾಯಂದಿರ ಸಭೆ ಇದೆ. ಬರೋರಲ್ಲಿ ಹೆಚ್ಚಿನವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯೋರು, ಮಕ್ಕಳು 1ರಿಂದ 5 ವರ್ಷದವು. ಬೆಂಕಿ ಹತ್ರ ಮಗು ಬರಬಾರದು ಅಂತಾನೇ ಕೈಗೆ ಮೊಬೈಲ್ ಕೊಡ್ತಾರೆ. "ಕೊಡಬೇಡಿ" ಅಂದ್ರೆ ಯಾರೂ ಕಿವಿಗೆ ಹಾಕ್ಕೊಳಲ್ಲ. ಸಿಗೋದು ಅರ್ಧ ಗಂಟೆ.

ಉತ್ತರ | ಮಕ್ಕಳ ವೈದ್ಯ, ಚಿತ್ರದುರ್ಗ
ಲೆಕ್ಕ ಎರಡೇ ಮಾತಲ್ಲಿ ಹೇಳಿ ಮೇಡಂ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಪ್ರಕಾರ 2 ವರ್ಷದೊಳಗೆ ಸ್ಕ್ರೀನ್ ಬೇಡ, ಊರಲ್ಲಿರೋ ಅಜ್ಜಿ ಜೊತೆ ವಿಡಿಯೊ ಕಾಲ್ ಆಗಬಹುದು. 2ರಿಂದ 5ಕ್ಕೆ ದಿನಕ್ಕೆ ಹೆಚ್ಚಂದ್ರೆ 1 ಗಂಟೆ, ಅದೂ ದೊಡ್ಡೋರು ಜೊತೆಗಿದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದೇ. ಜೊತೆಗೆ 3-4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ, 3 ಗಂಟೆ ಓಡಾಟ ಬೇಕು ಅನ್ನುತ್ತೆ. ಮಲಗೋಕೆ 1 ಗಂಟೆ ಮುಂಚೆ ಮೊಬೈಲ್, ಟಿವಿ ಎರಡೂ ಬಂದ್ ಆಗಬೇಕು. ಆ ಬೆಳಕಿಗೆ ನಿದ್ದೆ ತರಿಸೋ ಮೆಲಟೋನಿನ್ ಕಮ್ಮಿ ಆಗುತ್ತೆ.

ಉತ್ತರ | ನಿವೃತ್ತ ಮೇಲ್ವಿಚಾರಕಿ, ಹರಿಹರ
ಡಾಕ್ಟ್ರು ಹೇಳಿದ್ದು ಸರಿ. ಆದ್ರೆ ಸಭೆ ಶುರು ಮಾಡೋದು ಲೆಕ್ಕದಿಂದ ಬೇಡಮ್ಮ, ತಾಯಂದಿರು ತಲೆ ತಗ್ಗಿಸಿ ಕೂತುಬಿಡ್ತಾರೆ. ಊಟದಿಂದ ಶುರು ಮಾಡು. ಮೊಬೈಲ್ ನೋಡ್ತಾ ತಿನ್ನೋ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ. ಅನ್ನ ಬಾಯಲ್ಲೇ ಇಟ್ಕೊಂಡು, ಕಣ್ಣು ಮಿಟುಕಿಸದೆ ಕೂತಿರುತ್ತಲ್ಲ, ಅದನ್ನ ಎಲ್ಲ ತಾಯಂದಿರೂ ನೋಡಿರ್ತಾರೆ.

ಹತ್ತು ದಿನ ಊಟದ ಹೊತ್ತು ಒಂದನ್ನೇ ಬಿಡಿಸಿ ಅನ್ನು. ಮೊದಲ ಕೆಲವು ದಿನ ಅಳು ಜಾಸ್ತಿ ಆಗುತ್ತೆ, ಊಟ ಕಮ್ಮಿ ಆಗುತ್ತೆ. ಇದನ್ನ ಮುಂಚೇನೇ ಹೇಳಲೇಬೇಕು. ಹತ್ತು ನಿಮಿಷ ಅತ್ತಮೇಲೆ ಕೊಟ್ರೆ, ಹತ್ತು ನಿಮಿಷ ಅತ್ರೆ ಸಿಗುತ್ತೆ ಅಂತ ಮಗು ಕಲಿಯುತ್ತೆ. ಮನೆಯಲ್ಲಿ ಅಜ್ಜ ಕದ್ದು ಕೊಟ್ರೂ ಅಷ್ಟೇ, ಅದಕ್ಕೇ ಅತ್ತೆ-ಮಾವನವರನ್ನೂ ಸಭೆಗೆ ಕರಿ.

ಭಟ್ಟಿ ಹೊತ್ತಿಗೆ ಬದಲಿ ಕೊಡದೆ ಕಿತ್ಕೊಂಡ್ರೆ ಕೆಡುತ್ತೆ. ಒಂದು ಬುಟ್ಟಿಯಲ್ಲಿ ಸ್ಟೀಲ್ ಲೋಟ, ಮರದ ಸೌಟು, ಡಬ್ಬಿ-ಮುಚ್ಚಳ, ಹಳೇ ಸೀರೆ ತುಂಡು ಇಟ್ಟು ತೋರಿಸು. ಆ ಬುಟ್ಟಿ ಕೆಲಸದ ಹೊತ್ತಲ್ಲಿ ಮಾತ್ರ ಹೊರಗೆ ಬರಲಿ, ಇಲ್ದಿದ್ರೆ ಎರಡೇ ದಿನಕ್ಕೆ ಬೇಜಾರಾಗುತ್ತೆ. ಶೇಂಗಾ, ಹುಣಸೆಬೀಜ ಬೇಡವೇ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತೆ. ನೋಡ್ಕೊಳ್ಳೋರು ಯಾರೂ ಇಲ್ಲದ ದಿನ ಬೆಂಕಿಗಿಂತ 20 ನಿಮಿಷ ಮೊಬೈಲೇ ವಾಸಿ. ಅದನ್ನೂ ಬಾಯಿಬಿಟ್ಟು ಹೇಳು, ಆಗ ನಿನ್ನ ಮಾತು ನಂಬ್ತಾರೆ.

ಉತ್ತರ | ಮೊಬೈಲ್ ರಿಪೇರಿ, ದಾವಣಗೆರೆ
ಆ 20 ನಿಮಿಷಕ್ಕೆ ಫೋನ್ ಹೀಗೆ ರೆಡಿ ಮಾಡಿಸಿ ಮೇಡಂ. ಯೂಟ್ಯೂಬ್ ಕಿಡ್ಸ್ ಹಾಕಿ, ಮೂಲೆಯಲ್ಲಿರೋ ಬೀಗದ ಗುರುತು ಒತ್ತಿ, ಟೈಮರ್‌ಗೆ 20 ಕೊಡಿ. ಹೊತ್ತು ಮುಗಿದ ಕೂಡಲೇ ಆ್ಯಪ್ ತಾನೇ ಲಾಕ್ ಆಗುತ್ತೆ, ಬೈಗುಳ ತಾಯಿಗೆ ಬರಲ್ಲ. ಆದ್ರೆ ಟೈಮರ್ ಆ ಆ್ಯಪ್‌ಗೆ ಮಾತ್ರ. ಮಗು ಹೊರಗೆ ಬಂದು ರೀಲ್ಸ್ ಒತ್ತಿದ್ರೆ ಮುಗೀತು. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ 'ಪಿನ್' ಅಂತ ಹುಡುಕಿ, ಆ್ಯಪ್ ಪಿನ್ನಿಂಗ್ ಆನ್ ಮಾಡಿ, ತೆಗೆಯುವಾಗ ಲಾಕ್ ನಂಬರ್ ಕೇಳೋ ಹಾಗೆ ಇಡಿ. ಆಮೇಲೆ ಓಡ್ತಿರೋ ಆ್ಯಪ್‌ಗಳ ಪಟ್ಟಿ ತೆರೆದು, ಕಿಡ್ಸ್‌ನ ಐಕಾನ್ ಒತ್ತಿ, ಪಿನ್ ಆರಿಸಿ. ಲಾಕ್ ನಂಬರನ್ನ ಮಗುವಿನ ಕಣ್ಣೆದುರು ಒತ್ತಬೇಡಿ. ನಾಲ್ಕು ವರ್ಷದ ಮಕ್ಕಳು ಬೆರಳು ಹೋಗೋ ಜಾಗ ನೋಡ್ಕೊಂಡೇ ಕಲೀತಾರೆ.

ಪ್ರಶ್ನೆ ಕೇಳಿದವರು
ಬುಟ್ಟಿ ನಾಳೆಯೇ ಜೋಡಿಸ್ತೀನಿ. ಪಿನ್ ಮಾಡೋದನ್ನ ಐದೈದು ಜನರಂತೆ ಕೂರಿಸಿ ಅವರವರ ಫೋನಲ್ಲೇ ಮಾಡಿಸ್ತೀನಿ.